ಎರಡು ದಿನದ ರಸ್ತೆ

"ಏ ವಿನೋದಾ, ಇದು ಕೆಸರಾ? ನಿನ್ನತ್ರ ಕೇಳಿದ್ದು, ಇದು ಕೆಸರಾ?"

ದಯಾನಂದ ಧನಿಗಳು ಗದ್ದೆಯ ಹುಣಿಯ ಮೇಲೆ ಕೊಡೆ ಹಿಡಿದು ನಿಂತಿದ್ದರು. ಕಾಲಿನ ಹೆಬ್ಬೆರಳನ್ನು ಮಾತ್ರ ಗದ್ದೆಗೆ ಅದ್ದಿ, ಪಾಯಸದ ಸಿಹಿ ನೋಡುವವರಂತೆ ಮುಖ ಮಾಡಿ, ಹಿಂದಕ್ಕೆ ಎಳೆದುಕೊಂಡರು.

"ಕೆಸರೇ ಧನಿಗಳೇ," ಅಂದೆ. "ಬೇರೆ ಎಂತ ಆಗ್ಲಿಕ್ಕೆ?"

"ಎದುರು ಮಾತಾಡ್ಬೇಡ. ಮೊಸರಿನ ಹಾಗೆ ಇರ್ಬೇಕು ಅಂತ ಹೇಳಿದ್ದೆ. ನಾಳೆ ಬ್ಯಾಂಕಿನ ಮ್ಯಾನೇಜರ್ ಓಡ್ಲಿಕ್ಕುಂಟು ಇದ್ರಲ್ಲಿ. ಡಾಕ್ಟ್ರ ಹೆಂಡತಿ ಓಡ್ಲಿಕ್ಕುಂಟು. ಒಂದು ಕಲ್ಲು ಅವರ ಕಾಲಿಗೆ ಚುಚ್ಚಿದ್ರೆ ನಿಮ್ಮನ್ನು ಪೂರಾ ಇಲ್ಲೇ ಹೂತುಬಿಡ್ತೇನೆ. ಬೇವರ್ಸಿಗಳು! ಹೇಳಿದ್ದು ಒಂದೂ ಮಂಡೆಗೆ ಹೋಗುದಿಲ್ಲ."

ಅವರು ಹೋದ ಮೇಲೆ ಬಾಬಿಯಕ್ಕ ಸೊಂಟ ನೆಟ್ಟಗೆ ಮಾಡಿ, ಕೈಯಲ್ಲಿದ್ದ ಕಲ್ಲನ್ನು ಅವರು ಹೋದ ದಿಕ್ಕಿಗೇ ಎಸೆದಳು. "ಮೊಸರು ಬೇಕಾದ್ರೆ ಡೈರಿಗೆ ಹೋಗ್ಲಿ, ಹಲ್ಕಟ್ ನಾಯಿ. ಗದ್ದೆಗೆ ಯಾಕೆ ಬರುದು?"

ನಾವು ಏಳು ಮಂದಿ ಹೆಂಗಸರು ಎರಡು ದಿನದಿಂದ ಕೆಸರೊಳಗೆ ಕೈ ಹಾಕಿ ಕಲ್ಲು ಹೆಕ್ಕುತ್ತಿದ್ದೆವು. ಇದೇ ಗದ್ದೆಯಲ್ಲಿ ಇಪ್ಪತ್ತೈದು ವರ್ಷ ಭತ್ತದ ನೇಜಿ ನೆಟ್ಟವರು ನಾವು. ಆಗಲೂ ಈ ಕಲ್ಲುಗಳು ಇಲ್ಲೇ ಇದ್ದವು, ನಮ್ಮ ಕಾಲಿಗೆ ಚುಚ್ಚುತ್ತಲೂ ಇದ್ದವು. ಯಾರೂ ಹೆಕ್ಕಿಸಿರಲಿಲ್ಲ. ನಮ್ಮ ಅಂಗಾಲು ಸರಕಾರಿ ಶಾಲೆಯ ಅಂಗಳದಷ್ಟು ಗಟ್ಟಿ ಅಂತ ಧನಿಗಳ ಅಂದಾಜು ಇದ್ದಿರಬೇಕು. ಅಂದಾಜು ತಪ್ಪೂ ಅಲ್ಲ.

ಮಳೆಗಾಲದ ಆಟಿ ತಿಂಗಳು ಬಂತೆಂದರೆ ಈಗ ನಮ್ಮ ಕಡೆ ಪೇಟೆಯವರಿಗೆ ಕೆಸರಿನ ಹುಚ್ಚು ಹಿಡಿಯುತ್ತದೆ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ, ಆಚೆ ಮೂಡುಬಿದಿರೆಯವರೆಗೆ, ಭಾನುವಾರ ಬಂದರೆ ಒಂದಲ್ಲ ಒಂದು ಗದ್ದೆಯಲ್ಲಿ ಮೈಕ್ ಕಟ್ಟಿರುತ್ತದೆ. ಕಾರಿನಲ್ಲಿ ಬರುತ್ತಾರೆ, ಕೆಸರಲ್ಲಿ ಓಡುತ್ತಾರೆ, ಬೀಳುತ್ತಾರೆ, ಫೋಟೊ ಹೊಡೆಯುತ್ತಾರೆ, ಮಿಂದು ಹೋಗುತ್ತಾರೆ. ಈ ಸಲ ನಮ್ಮ ಧನಿಗಳ ಗದ್ದೆಗೆ ಆ ಯೋಗ ಬಂದಿತ್ತು. ವಾಮದಪದವು ಜಂಕ್ಷನಿನಲ್ಲಿ ಬಸ್ಸಿನಷ್ಟು ಉದ್ದದ ಫ್ಲೆಕ್ಸ್ ಹಾಕಿದ್ದರು: 'ಕೆಸರಲ್ಲೊಂದು ದಿನ'. ಮೇಲೆ ದಯಾನಂದ ಧನಿಗಳು ಕೈ ಮುಗಿದು ನಗುವ ಫೋಟೊ. ಕೆಳಗೆ ಗೌರವಾಧ್ಯಕ್ಷರು, ಏಳು ಮಂದಿ ಉಪಾಧ್ಯಕ್ಷರು, ಹನ್ನೊಂದು ಮಂದಿ ಸಂಚಾಲಕರು, ಎಲ್ಲರದ್ದೂ ಪಾಸ್‌ಪೋರ್ಟ್ ಸೈಜಿನ ತಲೆ. ತೀರಾ ಕೊನೆಗೆ, ಹಗ್ಗ ಕಟ್ಟಿದ ತೂತಿನ ಹತ್ತಿರ, 'ಹಾಗೂ ಊರ ಹತ್ತು ಸಮಸ್ತರು'. ಅದು ನಾವು. ಅದರ ಅಡಿಯಲ್ಲಿ ಕೆಂಪು ಅಕ್ಷರದಲ್ಲಿ, 'ಎಲ್ಲ ಸ್ಪರ್ಧೆಗಳೂ ಸಾರ್ವಜನಿಕರಿಗೆ ಮುಕ್ತ' ಅಂತ ಬರೆದಿತ್ತು.

ನನಗೆ ಅವರ ಕೆಸರಿನ ಮೇಲೆ ಸಿಟ್ಟೇನೂ ಇರಲಿಲ್ಲ. ನನ್ನ ಕಣ್ಣಿದ್ದದ್ದು ರಸ್ತೆಯ ಮೇಲೆ.

ನಮ್ಮ ಕಾಲನಿಯಲ್ಲಿ ಹದಿನಾಲ್ಕು ಮನೆ. ಡಾಮರು ರಸ್ತೆಯಿಂದ ಅಲ್ಲಿಗೆ ಬರಬೇಕಾದರೆ ಧನಿಗಳ ಗದ್ದೆಯ ಹುಣಿಯ ಮೇಲೆ ನಡೆದೇ ಬರಬೇಕು. ಹುಣಿ ಅಂದರೆ ಗದ್ದೆಯ ಬದು, ಅಗಲ ಒಂದೂವರೆ ಅಡಿ. ಮೂರು ವರ್ಷದ ಹಿಂದೆ ನನ್ನ ಗಂಡ ಮುಂಡಪ್ಪ ಧನಿಗಳ ತೆಂಗಿನ ಮರದಿಂದ ಬಿದ್ದು ಸೊಂಟದಿಂದ ಕೆಳಗೆ ಬಲ ಕಳೆದುಕೊಂಡ. (ಎದುರಿಗೆ 'ನೀವು', ಕಥೆ ಹೇಳುವಾಗ 'ಅವನು'. ಇದು ನಮ್ಮೊಳಗಿನ ಒಪ್ಪಂದ.) "ಮರ ಸರಿ ಇತ್ತು ಡಾಕ್ಟ್ರೇ, ಇವನೇ ಸರಿ ಇರ್ಲಿಲ್ಲ," ಅಂತ ಧನಿಗಳು ಆಸ್ಪತ್ರೆಯಲ್ಲಿ ಹೇಳಿದರು. ಮರುವರ್ಷ ಅವರದ್ದೇ ಸಂಘದವರು ಬಿ.ಸಿ. ರೋಡಿನ ಒಂದು ಸಭಾಭವನದಲ್ಲಿ ಅವನಿಗೆ ಗಾಲಿಕುರ್ಚಿ ಕೊಟ್ಟರು. ಕೊಡುವ ಕೈ ಹದಿನೆಂಟು, ತೆಗೆದುಕೊಳ್ಳುವ ಕೈ ಎರಡು. ಪೇಪರಿನಲ್ಲಿ ಬಂದ ಫೋಟೊದಲ್ಲಿ ಮುಂಡಪ್ಪ ಕಾಣಿಸುವುದೇ ಇಲ್ಲ, ಒಂದು ಗಾಲಿ ಕಾಣಿಸುತ್ತದೆ.

ಆ ಕುರ್ಚಿ ಹುಣಿಯ ಮೇಲೆ ಉರುಳುವುದಿಲ್ಲ. ಹಾಗಾಗಿ ಅದು ನಮ್ಮ ಮನೆಗೆ ತಲೆಹೊರೆಯಲ್ಲಿ ಬಂತು, ಬಂದದ್ದು ಅಲ್ಲೇ ಉಳಿಯಿತು. ಎರಡು ವರ್ಷ ನಾನು ಅದರ ಮೇಲೆ ಒದ್ದೆ ಬಟ್ಟೆ ಹರಡಿದೆ. ತಿಂಗಳಿಗೊಮ್ಮೆ ಬಂಟ್ವಾಳದ ಆಸ್ಪತ್ರೆಗೆ ಹೋಗಬೇಕಾದಾಗ ಮುಂಡಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಮಂದಿ ಹೊತ್ತು, ಒಬ್ಬರ ಹಿಂದೆ ಒಬ್ಬರು ಅಡ್ಡಡ್ಡ ಹೆಜ್ಜೆ ಹಾಕಿ ಹುಣಿ ದಾಟಿಸುವುದು. ಅವನು ಮೇಲಿನಿಂದ ಎಡಕ್ಕೂ ಬಲಕ್ಕೂ ಕೈ ಬೀಸುವುದು. "ಮಹಾರಾಜರ ಸವಾರಿ ಬರ್ತಾ ಉಂಟು! ದಾರಿ ಬಿಡಿ ಮಾರಾಯ್ರೆ, ಬಿಡ್ಲಿಕ್ಕೆ ದಾರಿ ಇದ್ರೆ!" ಹೋದ ವರ್ಷ ಹೊತ್ತವರ ಕಾಲು ಜಾರಿ ಮಹಾರಾಜರು ಕುರ್ಚಿ ಸಮೇತ ಗದ್ದೆಗೆ ಬಿದ್ದರು. ಧನಿಗಳು ಮನೆಯಿಂದ ಓಡೋಡಿ ಬಂದರು.

"ಅಯ್ಯೋ ದೇವರೇ," ಅಂದರು. "ಎಷ್ಟು ಪೈರು ಹೋಯ್ತು!"

ಪ್ರತಿ ವರ್ಷ ಗ್ರಾಮಸಭೆಯಲ್ಲಿ ನಾನು ಎದ್ದು ನಿಂತು ರಸ್ತೆ ಕೇಳುತ್ತೇನೆ. ಪ್ರತಿ ವರ್ಷ ಅಧಿಕಾರಿಗಳು 'ಸಾರ್ವಜನಿಕರ ಸಹಭಾಗಿತ್ವ ತುಂಬಾ ಮುಖ್ಯ' ಅಂತ ಹೇಳಿ ಬರೆದುಕೊಳ್ಳುತ್ತಾರೆ. ಬರೆದುಕೊಂಡ ಮೇಲೆ, "ಜಾಗ ಖಾಸಗಿ ಅಲ್ವಾ ಅಮ್ಮ, ಧನಿಗಳು ಒಪ್ಪಬೇಕು," ಅಂತ ಪೆನ್ನು ಮುಚ್ಚುತ್ತಾರೆ. ಧನಿಗಳು ಮೊದಲ ಸಾಲಿನ ಕುರ್ಚಿಯಿಂದ, "ಭೂಮಿತಾಯಿಯ ಹೊಟ್ಟೆ ಮೇಲೆ ಜಲ್ಲಿ ಹಾಕ್ಲಿಕ್ಕೆ ನನ್ನಿಂದ ಆಗುದಿಲ್ಲ," ಅನ್ನುತ್ತಾರೆ. ಚಪ್ಪಾಳೆ. ಚಾ, ಗೋಳಿಬಜೆ. ಆಮೇಲೆ ಎಲ್ಲರೂ ಅವರವರ ಮನೆಗೆ, ನಾವು ಹುಣಿಯ ಮೇಲೆ.

ಆ ಭೂಮಿತಾಯಿಯ ಹೊಟ್ಟೆಯ ಮೇಲೆ ಗುರುವಾರ ಅಳದಂಗಡಿಯ ವಸಂತನ ಜೆಸಿಬಿ ಹತ್ತಿತು. ಅತಿಥಿಗಳ ಕಾರು ಗದ್ದೆಯವರೆಗೆ ಬರಬೇಕಲ್ಲ! ಶುಕ್ರವಾರ ಸಂಜೆಗೆ ಎಂಟಡಿ ಅಗಲದ ಕೆಂಪು ಜಲ್ಲಿಯ ರಸ್ತೆ ಮುಗಿದಿತ್ತು. ಡಾಮರಿನಿಂದ ಗದ್ದೆಯವರೆಗೆ, ಅಲ್ಲಿಂದ ಮುಂದೆ ನಮ್ಮ ಕಾಲನಿಯ ಬೇಲಿಯವರೆಗೆ. ಬೇಲಿಯವರೆಗೆ ಯಾಕೆಂದರೆ ಕಾರು ತಿರುಗಿಸಲಿಕ್ಕೆ ಅಲ್ಲಿ ಮಾತ್ರ ಜಾಗ ಇತ್ತು.

ಶನಿವಾರ ಬೆಳಗ್ಗೆ ಕಲ್ಲು ಹೆಕ್ಕಲು ಹೋಗುವ ಮೊದಲು, ಗಾಲಿಕುರ್ಚಿಯ ಮೇಲಿದ್ದ ನನ್ನ ಲಂಗ ತೆಗೆದು, ಮುಂಡಪ್ಪನನ್ನು ಕೂರಿಸಿ ರಸ್ತೆಗೆ ಇಳಿಸಿದೆ. ತಳ್ಳಲು ಹೋದರೆ ನನ್ನ ಕೈ ತಟ್ಟಿದ. ಅವನೇ ಗಾಲಿ ತಿರುಗಿಸಿಕೊಂಡು ಡಾಮರಿನವರೆಗೆ ಒಬ್ಬನೇ ಹೋದ, ಒಬ್ಬನೇ ಬಂದ.

"ಅಷ್ಟು ಹೊತ್ತು ಅಲ್ಲಿ ಎಂತ ಮಾಡಿದ್ರಿ?" ಅಂತ ಕೇಳಿದೆ.

"ಬಸ್ಸು ನೋಡಿದೆ. ಎರಡು ಬಸ್ಸು ಹೋಯ್ತು. ಒಂದು ಮೂಡುಬಿದಿರೆಗೆ, ಒಂದು ಬಿ.ಸಿ. ರೋಡಿಗೆ."

ನನಗೆ ಅಳು ಬಂತು. ಬಸ್ಸಿಗೆಲ್ಲ ಅಳುವವಳಲ್ಲ ನಾನು.

ಅವತ್ತು ಸಂಜೆ ಕೆಲಸ ಮುಗಿಸಿ ಕಾಲು ತೊಳೆಯುವಾಗ ಧನಿಗಳನ್ನು ಕೇಳಿಯೇ ಬಿಟ್ಟೆ. "ಧನಿಗಳೇ, ಈ ರಸ್ತೆ ಹೀಗೇ ಇರ್ತದಲ್ಲ?"

"ಯಾವ ರಸ್ತೆ?"

"ನೀವು ನಿಂತದ್ದು."

ಅವರು ಕಾಲಿನ ಕೆಳಗೆ ನೋಡಿಕೊಂಡರು. "ಇದು ರಸ್ತೆ ಅಲ್ಲ, ವ್ಯವಸ್ಥೆ. ಕಾರ್ಯಕ್ರಮ ಮುಗಿದ ಕೂಡ್ಲೇ ತೆಗೀತೇವೆ."

"ಇದ್ರೆ ನಿಮಗೆ ಎಂತ ನಷ್ಟ?"

"ನಷ್ಟ ಅಲ್ಲ ಮಾರಾಯ್ತಿ, ಅಭ್ಯಾಸ. ನಿಮಗೆ ಒಮ್ಮೆ ಅಭ್ಯಾಸ ಆದ್ರೆ ಮತ್ತೆ ಬಿಡ್ತೀರಾ? ಇವತ್ತು ರಸ್ತೆ ಕೇಳಿದವರು ನಾಳೆ ನನ್ನ ಜಗಲಿಯಲ್ಲಿ ಕುರ್ಚಿ ಕೇಳ್ತೀರಿ."

"ಕುರ್ಚಿ ನಮ್ಮಲ್ಲೇ ಉಂಟು ಧನಿಗಳೇ. ನೀವೇ ಕೊಟ್ಟದ್ದು, ಗಾಲಿದ್ದು."

"ನಿನ್ನ ನಾಲಗೆಗೆ ಬರೆ ಹಾಕ್ಬೇಕು ಮುಂಡೆ," ಅಂದು ಅವರು ಕೊಡೆ ಮಡಚಿದರು.

ಭಾನುವಾರ ಎಂಬತ್ತು ಕಾರು ಬಂತು. ಮಂಗಳೂರಿನಿಂದ ಬಂದ ಮುಖ್ಯ ಅತಿಥಿ ದೊಡ್ಡ ಕಂಟ್ರಾಕ್ಟರು, ಹೊಟ್ಟೆಯೂ ಹಾಗೇ. ಬಂದವರನ್ನೆಲ್ಲ ಅಡಿಕೆ ಹಾಳೆಯ ಮುಟ್ಟಾಳೆ ತೊಡಿಸಿ ಗೌರವಿಸಿದರು. ಮುಂಡಪ್ಪನ ಅಪ್ಪ ಈ ಧನಿಗಳ ಅಪ್ಪನನ್ನು ಕಂಡರೆ ಇಂಥದೇ ಮುಟ್ಟಾಳೆಯನ್ನು ತಲೆಯಿಂದ ತೆಗೆದು ಕಂಕುಳಲ್ಲಿಟ್ಟು ನಿಲ್ಲಬೇಕಿತ್ತು. ಈಗ ಧನಿಗಳೇ ಅದನ್ನು ತಲೆಗೆ ಏರಿಸಿಕೊಂಡು, ಜಾರದ ಹಾಗೆ ಕೈ ಕೊಟ್ಟುಕೊಂಡು ಓಡಾಡುತ್ತಿದ್ದರು. ಮುಟ್ಟಾಳೆ ಪೂರಾ ಬಾಬಿಯಕ್ಕ ಕಟ್ಟಿದ್ದು. ಕಂಟ್ರಾಕ್ಟರ ತಲೆಗೆ ಸಾಲಲಿಲ್ಲ ಅಂತ ಅವಳಿಗೆ ಬೈದರು. "ತಲೆ ಅಷ್ಟು ದೊಡ್ಡದು ಅಂತ ಮೊದಲೇ ಹೇಳ್ಬೇಕಿತ್ತು," ಅಂದಳು ಬಾಬಿಯಕ್ಕ, "ಬುಟ್ಟಿ ಕಟ್ಟಿ ಕೊಡ್ತಿದ್ದೆ."

ಮಧ್ಯಾಹ್ನ ಊಟಕ್ಕೆ ಗಂಜಿ, ಹುರುಳಿ ಚಟ್ನಿ, ತಜಂಕಿನ ಪಲ್ಯ. ತಜಂಕು ಅಂದರೆ ಬೇಲಿಯ ಬದಿಯಲ್ಲಿ ತಾನಾಗಿ ಏಳುವ ಸೊಪ್ಪು. ಆಟಿಯಲ್ಲಿ ಅಕ್ಕಿ ಮುಗಿದಾಗ ನಮ್ಮ ಅಜ್ಜಿಯಂದಿರು ಕೊಯ್ದು ತಿಂದು ಜೀವ ಹಿಡಿದದ್ದು ಇದರಲ್ಲೇ. ಈಗ ಅದನ್ನು ಕೌಂಟರಿನಲ್ಲಿಟ್ಟು, ಪಕ್ಕದಲ್ಲಿ ಅದರ ಔಷಧೀಯ ಗುಣ ಬರೆದ ಬೋರ್ಡು ನಿಲ್ಲಿಸಿದ್ದರು. ನಾನು ಬಟ್ಟಲು ಹಿಡಿದು ಹೋದೆ.

"ಗಂಜಿ ಅತಿಥಿಗಳಿಗೆ ಅಕ್ಕ," ಅಂದ ಬಡಿಸುವವನು. "ಕೆಲಸದವರಿಗೆ ಹಿಂದೆ ಪುಲಾವ್ ಉಂಟು."

"ನನಗೆ ಗಂಜಿ ಸಾಕು ಮಾರಾಯ."

"ಗಂಜಿ ಲಿಮಿಟೆಡ್ ಅಕ್ಕ."

ನಾವು ಶೆಡ್ಡಿನ ಹಿಂದೆ ನಿಂತು ಪುಲಾವ್ ತಿಂದೆವು. ಪುಲಾವ್ ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ಊಟದ ಮೇಲೆ ನೇಜಿ ನೆಡುವ ಸ್ಪರ್ಧೆ. ಬಾಬಿಯಕ್ಕ ಸೆರಗು ಸಿಕ್ಕಿಸಿಕೊಂಡು ಹೆಸರು ಕೊಡಲು ಹೊರಟಳು, ಹಿಂದಿನಿಂದ ನಾವು ಆರು ಮಂದಿ. ಹೆಸರು ಬರೆಯುತ್ತಿದ್ದದ್ದು ಧನಿಗಳ ತಮ್ಮನ ಮಗಳು ಪ್ರಾಪ್ತಿ. ಒಳ್ಳೆಯ ಹುಡುಗಿ, ನಮ್ಮನ್ನು ಕಂಡು ಎದ್ದು ನಿಂತಳು.

"ಆಂಟಿ, ನೀವೆಲ್ಲ ಪ್ರೊಫೆಷನಲ್ಸ್ ಅಲ್ವಾ? ನೀವು ಸೇರಿದ್ರೆ ಉಳಿದವರಿಗೆ ಅನ್ಯಾಯ ಆಗ್ತದೆ."

"ಸಾರ್ವಜನಿಕರಿಗೆ ಮುಕ್ತ ಅಂತ ಬರ್ದಿದ್ದಾರಲ್ಲ ಮಗಾ?" ಅಂದಳು ಬಾಬಿಯಕ್ಕ.

ಅಷ್ಟರಲ್ಲಿ ಧನಿಗಳು ಬಂದರು. "ಸಾರ್ವಜನಿಕರು ಅಂದ್ರೆ ನೋಡ್ಲಿಕ್ಕೆ. ಚಪ್ಪಾಳೆ ತಟ್ಲಿಕ್ಕೆ. ಗದ್ದೆಗೆ ಇಳೀಲಿಕ್ಕೆ ಅಲ್ಲ."

"ನಿನ್ನೆವರೆಗೆ ಇಳಿದದ್ದು ನಾವೇ ಅಲ್ವಾ ಧನಿಗಳೇ?" ಅಂದೆ.

"ಅದು ಕೆಲಸ. ಇದು ಕಾರ್ಯಕ್ರಮ. ಅಷ್ಟೂ ತ್ರಾಣ ಇಲ್ವಾ ನಿಮ್ಮ ಮಂಡೆಗೆ? ಹೋಗಿ, ಹಿಂದೆ ನಿಲ್ಲಿ. ಫೋಟೊದಲ್ಲಿ ಬರ್ಬೇಡಿ."

ನಾವು ಹಿಂದೆ ನಿಂತು ನೋಡಿದೆವು. ಡಾಕ್ಟರ ಹೆಂಡತಿ ಮೂವತ್ತೆರಡು ನೇಜಿ ನೆಟ್ಟು ಮೊದಲ ಬಹುಮಾನ ಪಡೆದರು. ಅವರು ಕಪ್ ಎತ್ತಿ ಫೋಟೊಕ್ಕೆ ನಿಲ್ಲುವಷ್ಟರಲ್ಲಿ ಮೂವತ್ತೊಂದು ನೇಜಿ ತೇಲಿಕೊಂಡು ಹುಣಿಗೆ ಬಂದಿತ್ತು. ಒಂದು ಮಾತ್ರ ಗಟ್ಟಿಯಾಗಿ ನಿಂತಿತ್ತು. ಅದು ತಲೆಕೆಳಗಾಗಿ ನೆಟ್ಟದ್ದು.

ಮುಂಡಪ್ಪ ಬೆಳಗ್ಗಿನಿಂದ ವೇದಿಕೆಯ ಬದಿಯಲ್ಲಿ, ಪಾಣೆಮಂಗಳೂರಿನ ಶುಕೂರಾಕನ ಧ್ವನಿವರ್ಧಕದ ಪೆಟ್ಟಿಗೆಗಳ ನಡುವೆ ಗಾಲಿಕುರ್ಚಿ ನಿಲ್ಲಿಸಿ ಕೂತಿದ್ದ. ಅವನಿಗೆ ಮೊದಲಿನಿಂದಲೂ ವೀಕ್ಷಕ ವಿವರಣೆಯ ಚಟ. ಊರಿನ ವಾಲಿಬಾಲ್ ಪಂದ್ಯಾಟಗಳಲ್ಲಿ ಮೈಕಿನ ಹತ್ತಿರ ಸುಳಿದಾಡುತ್ತಿದ್ದ, ಯಾರೂ ಕೈಗೆ ಕೊಟ್ಟಿರಲಿಲ್ಲ. ಸಂಜೆ, ಕಾರ್ಯಕ್ರಮ ನಿರೂಪಿಸುವವರು ಚಾ ಕುಡಿಯಲು ಹೋದ ಹೊತ್ತಿಗೆ ಯಾರದೋ ಕಾರಿನ ಕೀ ಕೆಸರಲ್ಲಿ ಸಿಕ್ಕಿತು.

"ಮುಂಡಪ್ಪಣ್ಣ, ಇದೊಂದು ಹೇಳಿ ಬಿಡಿ. ನನ್ನ ಕನ್ನಡ ಕೇಳಿದ್ರೆ ಕೀ ಇದ್ದವನೂ ಓಡಿ ಹೋಗ್ತಾನೆ," ಅಂತ ಶುಕೂರಾಕ ಮೈಕ್ ಕೊಟ್ಟರು.

ಮುಂಡಪ್ಪ ಕೀಯ ವಿಷಯ ಹೇಳಿದ. ಹೇಳಿ ಮೈಕ್ ಹಿಂದೆ ಕೊಡಲಿಲ್ಲ.

"ಇದೇ ಶುಭ ಸಂದರ್ಭದಲ್ಲಿ," ಅಂತ ಶುರು ಮಾಡಿದ. "ತಮ್ಮ ಸ್ವಂತ ಜಾಗದಲ್ಲಿ, ಸ್ವಂತ ಖರ್ಚಿನಲ್ಲಿ ಸುಂದರವಾದ ರಸ್ತೆಯನ್ನು ನಿರ್ಮಿಸಿ, ಅದನ್ನು ಇಂದಿನಿಂದ ಕಾಲನಿಯ ಹದಿನಾಲ್ಕು ಮನೆಯವರಿಗೆ ಶಾಶ್ವತವಾಗಿ ಬಿಟ್ಟುಕೊಟ್ಟ ಕೊಡುಗೈ ದಾನಿ, ಸರಳ ಸಜ್ಜನಿಕೆಯ ದಯಾನಂದ ಧನಿಗಳಿಗೆ ಜೋರಾದ ಚಪ್ಪಾಳೆ!"

ಎಂಬತ್ತು ಕಾರಿನ ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದರೆ ನಮ್ಮ ಧನಿಗಳ ಕೈ ತಾನಾಗಿಯೇ ಮುಗಿಯುತ್ತದೆ, ಅದು ಅವರ ಮೈಗೆ ಅಂಟಿದ ದೋಷ. ಎದ್ದು ನಿಂತರು, ನಾಲ್ಕು ದಿಕ್ಕಿಗೂ ಕೈ ಮುಗಿದರು, ತಲೆ ಬಾಗಿಸಿದರು. ಯಾವುದಕ್ಕೆ ಚಪ್ಪಾಳೆ ಅಂತ ಅವರ ಕಿವಿಗೆ ಇಳಿಯುವಷ್ಟರಲ್ಲಿ ಮುಖ್ಯ ಅತಿಥಿ ಶಾಲು ಹೊದೆಸಿ ಆಗಿತ್ತು. ಶಾಲಿನೊಳಗಿಂದ ಅವರು ಮುಂಡಪ್ಪನನ್ನು ನೋಡಿದ ನೋಟಕ್ಕೆ ತೆಂಗಿನ ಮರವೇ ಒಣಗಬೇಕು. ಮುಖದಲ್ಲಿ ನಗು ಮಾತ್ರ ಹಾಗೇ ಇತ್ತು, ಕ್ಯಾಮೆರಾ ಇತ್ತಲ್ಲ.

ಕೊನೆಯ ಕಾರು ಹೋಗುವುದನ್ನೇ ಕಾದು ಅವರು ಕೆಳಗೆ ಇಳಿದು ಬಂದರು.

"ಮೈಕಲ್ಲಿ ಒದರಿದ್ದೆಲ್ಲ ಆಗ್ತದಾ, ನಾಯಿ? ವೇದಿಕೆಯ ಮಾತು ವೇದಿಕೆಗೆ. ಕಾರ್ಯಕ್ರಮ ಮುಗೀತು. ನಾಳೆ ಎಂಟು ಗಂಟೆಗೆ ಜೆಸಿಬಿ ಬರ್ತದೆ, ಒಂದು ಜಲ್ಲಿ ಬಿಡುದಿಲ್ಲ. ಸೊಂಟ ಇಲ್ಲದವನಿಗೆ ರಸ್ತೆ ಬೇರೆ ಕೇಡು!"

ಹೇಳಿ ಗಾಲಿಗೆ ಒದ್ದರು. ಕುರ್ಚಿ ಅರ್ಧ ಸುತ್ತು ತಿರುಗಿತು, ಮುಂಡಪ್ಪ ಎಲ್ಲರಿಗೂ ಬೆನ್ನು ಹಾಕಿ ಕೂತ ಹಾಗಾಯಿತು. ಅವನು ತಿರುಗಿಸಿಕೊಳ್ಳಲಿಲ್ಲ. ಬಿದ್ದಾಗಲೂ ನಗೆಯಾಡಿದವನು ಅವನು. ಅಂದು ಮನೆಗೆ ಹೋಗುವಾಗ ಮಹಾರಾಜರ ಸವಾರಿ ಅಂತ ಒಂದು ಮಾತೂ ಆಡಲಿಲ್ಲ.

ರಾತ್ರಿ ನಮ್ಮ ಅಂಗಳದಲ್ಲಿ ಎಲ್ಲರೂ ಕೂತಿದ್ದೆವು. ಬಾಬಿಯಕ್ಕ ಎಲೆ ಅಡಿಕೆ ಜಗಿಯುತ್ತಾ ಕೇಳಿದಳು. "ಕಾರ್ಯಕ್ರಮ ಮುಗಿದ್ರೆ ತಾನೇ ರಸ್ತೆ ತೆಗೆಯುದು?"

"ಹೌದು. ಮುಗೀತಲ್ಲ," ಅಂದೆ.

"ಮುಗೀತು ಅಂತ ಯಾರು ಹೇಳಿದ್ದು? ನಮ್ಮ ಸ್ಪರ್ಧೆ ಎಂತದ್ದೂ ಆಗ್ಲೇ ಇಲ್ಲ."

ಮುಂಡಪ್ಪ ತಲೆ ಎತ್ತಿದ.

ಸೋಮವಾರ ಏಳೂವರೆಗೆ ಶುಕೂರಾಕ ತಮ್ಮ ಪೆಟ್ಟಿಗೆ ವಯರು ಒಯ್ಯಲು ಪಿಕಪ್ ತಂದಾಗ ನಾವು ಹದಿನಾಲ್ಕು ಮನೆಯವರೂ ರಸ್ತೆಯ ಮೇಲೆ ಇದ್ದೆವು. ಹೆಂಗಸರು ಸೆರಗು ಸಿಕ್ಕಿಸಿ, ಗಂಡಸರು ಲುಂಗಿ ಎತ್ತಿ ಕಟ್ಟಿ, ನಡುವೆ ಉದ್ದ ಹಗ್ಗ. ಮುಂಡಪ್ಪ ಸ್ನಾನ ಮಾಡಿ, ಮದುವೆಗೆ ಹೋಗುವ ಅಂಗಿ ಹಾಕಿದ್ದ. ಅವನು ವಿಷಯ ಹೇಳಿದ. ಶುಕೂರಾಕ ಗಡ್ಡ ನೀವಿಕೊಂಡರು.

"ನನ್ನ ಜನರೇಟರಲ್ಲಿ ಒಂದು ಗಂಟೆಗೆ ಆಗುವಷ್ಟು ಡೀಸೆಲ್ ಉಂಟು. ಅಷ್ಟು ಹೊತ್ತು ನಾನು ವಯರ್ ಸುತ್ತುತ್ತಾ ಇರ್ತೇನೆ. ವಯರ್ ಸುತ್ತುದು ನಿಧಾನದ ಕೆಲಸ, ಮುಂಡಪ್ಪಣ್ಣ." ಮೈಕ್ ಕೈಗೆ ಕೊಟ್ಟು ದನಿ ತಗ್ಗಿಸಿದರು. "ನನಗೂ ನಿನ್ನೆ ಗಂಜಿ ಸಿಗ್ಲಿಲ್ಲ."

ಎಂಟು ಗಂಟೆಗೆ ಜೆಸಿಬಿ ಗಡಗಡ ಎನ್ನುತ್ತಾ ಬಂತು. ಅದು ತಿರುವಿಗೆ ಬರುವಾಗ ಮುಂಡಪ್ಪನ ದನಿ ಗುಡ್ಡಕ್ಕೆ ಬಡಿದು ವಾಪಸು ಬರುತ್ತಿತ್ತು.

"ಇದೀಗ ಹಗ್ಗಜಗ್ಗಾಟದ ಎರಡನೇ ಸುತ್ತು! ಬಲಗಡೆ ಬಾಬಿಯಕ್ಕ ಮತ್ತು ಬಳಗ, ಎಡಗಡೆ ಅವರ ಗಂಡಂದಿರು! ಗಂಡಂದಿರು ಈಗಾಗಲೇ ಸೋತ ಮುಖ ಮಾಡಿದ್ದಾರೆ! ಅಳದಂಗಡಿಯಿಂದ ಆಗಮಿಸಿದ ವಸಂತಣ್ಣನವರು ದಯವಿಟ್ಟು ತಮ್ಮ ವಾಹನವನ್ನು ಬದಿಯಲ್ಲಿ ನಿಲ್ಲಿಸಿ, ತೀರ್ಪುಗಾರರಾಗಿ ಸಹಕರಿಸಬೇಕು!"

ವಸಂತ ಬ್ರೇಕ್ ಹಾಕಿ ತಲೆ ಹೊರಗೆ ಹಾಕಿದ. "ಎಂಥ ಸಾವು ಮಾರಾಯ್ರೆ ಇದು? ಧನಿಗಳು ಅಗೀಲಿಕ್ಕೆ ಹೇಳಿದ್ದಾರೆ."

"ಅಗೀರಿ," ಅಂದೆ ನಾನು. "ಕಾರ್ಯಕ್ರಮ ಮುಗಿದ ಮೇಲೆ."

ಅವನು ಕೆಳಗಿಳಿದು ನೋಡಿದ. ಆಚೆ ಹೋಗಲು ಜಾಗ ಇಲ್ಲ, ಎರಡೂ ಬದಿ ಧನಿಗಳದ್ದೇ ಮೊಸರಿನಂಥ ಕೆಸರು. ಎರಡು ನಿಮಿಷ ತಲೆ ಕೆರೆದುಕೊಂಡ. ಮೂರನೇ ನಿಮಿಷಕ್ಕೆ ಹಗ್ಗದ ನಡುವಿನ ಗಂಟಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, "ಓಯ್, ಬಾಬಿಯಕ್ಕ, ಕಾಲು ಗೆರೆ ದಾಟಿತು," ಅಂತ ಬೊಬ್ಬೆ ಹಾಕುತ್ತಿದ್ದ.

ಹಗ್ಗ ಆಯಿತು. ಲಿಂಬೆ ಚಮಚ ಆಯಿತು. ಬಾಡಿಗೆಯವರು ಒಯ್ಯದೆ ಬಿಟ್ಟಿದ್ದ ಪ್ಲಾಸ್ಟಿಕ್ ಕುರ್ಚಿ ಸುತ್ತಿಟ್ಟು ಸಂಗೀತ ಕುರ್ಚಿ ಶುರುವಾಗುವಾಗ ಧನಿಗಳ ಜೀಪು ಬಂತು, ಹಿಂದಿನಿಂದ ಬೈಕಿನಲ್ಲಿ ಬೀಟಿನ ಪೊಲೀಸ್. ಅರವತ್ತು ದಾಟಿದ ಬಾಬಿಯಕ್ಕ ಒಂದು ಕುರ್ಚಿಯನ್ನು ಎರಡು ಕೈಯಲ್ಲಿ ಅಪ್ಪಿಕೊಂಡು, ನನ್ನನ್ನು ಸೊಂಟದಿಂದ ದೂಡುತ್ತಿದ್ದಳು. ನಗು ತಡೆಯಲಾರದೆ ನಾನು ಜಲ್ಲಿಯ ಮೇಲೆ ಕೂತುಬಿಟ್ಟಿದ್ದೆ. ಎಷ್ಟು ವರ್ಷ ಆಗಿತ್ತೋ ಆಟ ಅಂತ ಆಡಿ!

"ಏನಿದು? ಪ್ರತಿಭಟನೆಗೆ ಪರ್ಮಿಶನ್ ಉಂಟಾ?" ಅಂದ ಪೊಲೀಸ್.

"ಪ್ರತಿಭಟನೆ ಯಾರದ್ದು ಸಾರ್? ಇದು ಕೆಸರಲ್ಲೊಂದು ದಿನ. ನಿನ್ನೆಯದ್ದರ ಬಾಕಿ," ಅಂದೆ.

"ಸಂಘಟಕರು ಯಾರು?"

ನಾನು ಜಂಕ್ಷನಿನ ಕಡೆ ಕೈ ತೋರಿಸಿದೆ. "ಧನಿಗಳು. ಫ್ಲೆಕ್ಸಲ್ಲಿ ಫೋಟೊ ಉಂಟಲ್ಲ."

ಪೊಲೀಸ್ ಧನಿಗಳ ಮುಖ ನೋಡಿದ. ಧನಿಗಳ ಮುಖ ಜಲ್ಲಿಯ ಬಣ್ಣಕ್ಕೆ ತಿರುಗಿತ್ತು. ಅವರು ನೇರ ಮುಂಡಪ್ಪನ ಕಡೆ ನುಗ್ಗಿದರು. "ಬೇವರ್ಸಿ! ನನ್ನ ಜಾಗದಲ್ಲಿ ನನಗೇ ನಾಟಕ ತೋರಿಸ್ತೀಯಾ? ನಿಮ್ಮನ್ನೆಲ್ಲ ಮೆಟ್ಟಲ್ಲಿ ಹೊಡೀಬೇಕು!"

ಮುಂಡಪ್ಪ ಮೈಕನ್ನು ಮೆಲ್ಲ ಅವರ ಬಾಯಿಯ ಹತ್ತಿರ ಹಿಡಿದಿದ್ದ. 'ಮೆಟ್ಟಲ್ಲಿ ಹೊಡೀಬೇಕು' ಅನ್ನುವುದು ಗುಡ್ಡಕ್ಕೆ ಹೋಗಿ ಬಂತು. ಡಾಮರು ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ನಿಧಾನ ಮಾಡಿ ಬದಿಯಲ್ಲಿ ನಿಂತಿತು, ಕಿಟಕಿಯಿಂದ ತಲೆಗಳು ಹೊರಬಂದವು.

"ನಮ್ಮೆಲ್ಲರ ಪ್ರೀತಿಯ ದಾನಿಗಳು ಎರಡು ಹಿತನುಡಿ ಆಡಿದರು," ಅಂದ ಮುಂಡಪ್ಪ. "ಚಪ್ಪಾಳೆ!"

ನಾವು ಚಪ್ಪಾಳೆ ತಟ್ಟಿದೆವು. ಧನಿಗಳ ಎರಡು ಕೈಯೂ ಎದೆಯ ಹತ್ತಿರ ಬಂತು. ಅರ್ಧದಲ್ಲಿ ಅವರಿಗೇ ಗೊತ್ತಾಗಿ ಕೆಳಗೆ ಬಿಟ್ಟರು. ವಸಂತ ಬಾಯಿಗೆ ಕೈ ಅಡ್ಡ ಹಿಡಿದು ಆಚೆ ತಿರುಗಿದ.

"ನಗ್ತೀಯಾ?" ಅಂತ ಧನಿಗಳು ಅವನ ಕೊರಳಪಟ್ಟಿ ಹಿಡಿದರು. "ಹತ್ತು ಮೇಲೆ. ಬಕೆಟ್ ಎತ್ತು. ಎದುರು ಬಂದವರು ಅವರೇ ಓಡ್ತಾರೆ. ಎತ್ತದಿದ್ರೆ ಈ ತಾಲೂಕಲ್ಲಿ ನಿನ್ನ ಜೆಸಿಬಿಗೆ ಒಂದು ಕೆಲಸ ಸಿಗುದಿಲ್ಲ, ನೋಡ್ತಾ ಇರು."

ವಸಂತನ ನಗು ಇಳಿಯಿತು. ಹತ್ತಿದ. ಇಂಜಿನ್ ಶುರುವಾಯಿತು, ಬಕೆಟ್ ಮೇಲೆದ್ದಿತು. ಅದರ ಹಲ್ಲಿಗೆ ಅಂಟಿದ ಕೆಂಪು ಮಣ್ಣು ನಮ್ಮ ಮುಂದೆ ಉದುರಿತು. ಆಟ ನಿಂತಿತು. ಯಾರೋ ಎರಡು ಹೆಜ್ಜೆ ಹಿಂದೆ ಸರಿದರು. ನನಗೂ ಹೆದರಿಕೆ ಆಯಿತು, ಆಗಲಿಲ್ಲ ಅಂದರೆ ಸುಳ್ಳು.

"ಕೊನೆಯ ಸ್ಪರ್ಧೆ, ಗಾಲಿಕುರ್ಚಿ ಓಟ!" ಮುಂಡಪ್ಪನ ದನಿ ಒಂದಿಷ್ಟೂ ನಡುಗಲಿಲ್ಲ. "ಭಾಗವಹಿಸುವವರು ಒಬ್ಬರೇ ಇರುವ ಕಾರಣ ನೇರವಾಗಿ ಫೈನಲ್!"

ಮೈಕನ್ನು ತೊಡೆಯ ನಡುವೆ ಸಿಕ್ಕಿಸಿ, ಎರಡು ಕೈಯಲ್ಲಿ ಗಾಲಿ ತಿರುಗಿಸುತ್ತಾ ಅವನು ಹೊರಟ. ವಯರು ಹಿಂದಿನಿಂದ ಎಳೆದುಕೊಂಡು ಹೋಗುತ್ತಿತ್ತು, ಶುಕೂರಾಕ ಸುತ್ತಿದ್ದನ್ನೆಲ್ಲ ಬಿಚ್ಚಿ ಬಿಚ್ಚಿ ಬಿಡುತ್ತಿದ್ದರು. ಜಲ್ಲಿಯ ಮೇಲೆ ಕುರ್ಚಿ ಕುಣಿಯಿತು, ಒಂದು ಕಡೆ ವಾಲಿತು, ನೆಟ್ಟಗಾಯಿತು. ಎತ್ತಿದ ಬಕೆಟಿನ ನೇರ ಕೆಳಗೆ ಹೋಗಿ ನಿಲ್ಲಿಸಿ, ಗಾಲಿಯ ಬ್ರೇಕ್ ಕಟಕ್ಕೆಂದು ಹಾಕಿದ.

"ಪ್ರಥಮ ಸ್ಥಾನ, ವಾಮದಪದವಿನ ಮುಂಡಪ್ಪ. ಬಹುಮಾನ ವಿತರಣೆಗೆ ದಯಾನಂದ ಧನಿಗಳು..."

ಅಷ್ಟರಲ್ಲಿ ಜನರೇಟರ್ ಎರಡು ಸಲ ಕೆಮ್ಮಿ ನಿಂತಿತು. ಮೈಕ್ ಸತ್ತಿತು. ಗುಡ್ಡ ಸುಮ್ಮನಾಯಿತು. ಜೆಸಿಬಿಯ ಗಡಗಡ ಒಂದೇ ಉಳಿಯಿತು.

ಧನಿಗಳ ಮುಖದಲ್ಲಿ ಮೊದಲ ಸಲ ನೆಮ್ಮದಿ ಕಂಡಿತು. "ಹಾಂ," ಅಂದರು. "ಡೀಸೆಲ್ ಮುಗೀತು. ನಿಮ್ಮ ಮಂಗನಾಟವೂ ಮುಗೀತು. ಎಷ್ಟು ಹೊತ್ತು ಕೂರ್ತೀರಿ? ಬಿಸಿಲು ಬಂದ್ರೆ ನೀವೇ ಏಳ್ತೀರಿ."

ನಾನು ಹೋಗಿ ಬಕೆಟಿನ ಕೆಳಗೆ ಅವನ ಎಡ ಗಾಲಿಯ ಹತ್ತಿರ ಜಲ್ಲಿಯ ಮೇಲೆ ಕೂತೆ. ಬಾಬಿಯಕ್ಕ ತಾನು ಗೆದ್ದ ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಬಂದು ಬಲ ಗಾಲಿಯ ಹತ್ತಿರ ಹಾಕಿ, ಕಾಲ ಮೇಲೆ ಕಾಲು ಹಾಕಿ ಕೂತಳು. ಧನಿಗಳ ಎದುರು ಅವಳು ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಹಿಂದೆ ಸರಿದವರೂ ಒಬ್ಬೊಬ್ಬರೇ ಬಂದರು.

"ಈ ಕಾರ್ಯಕ್ರಮ ಯಾವಾಗ ಮುಗಿಯುದು ಮಾರಾಯ?" ಪೊಲೀಸ್ ವಾಚು ನೋಡುತ್ತಾ ಕೇಳಿದ. "ನಾನು ಸ್ಟೇಷನಿಗೆ ಎಂತ ಅಂತ ಹೇಳುದು?"

ಮುಂಡಪ್ಪ ಸತ್ತ ಮೈಕನ್ನು ಶುಕೂರಾಕನ ಕೈಗೆ ಮರ್ಯಾದೆಯಿಂದ ಹಿಂದೆ ಕೊಟ್ಟ. ಗಂಟಲು ಸರಿ ಮಾಡಿಕೊಂಡ. ಮತ್ತೆ ಬರಿಗಂಟಲಲ್ಲಿ, ಬಸ್ಸಿನ ಕಿಟಕಿಗಳಿಗೂ ಕೇಳುವ ಹಾಗೆ, ಕೂಗಿದ.

"ಸಾರ್ವಜನಿಕರ ಅಪೇಕ್ಷೆಯ ಮೇರೆಗೆ ಕಾರ್ಯಕ್ರಮವನ್ನು ಮುಂದುವರಿಸಲಾಗಿದೆ!"

ಬಕೆಟ್ ನಮ್ಮ ತಲೆಯ ಮೇಲೆ ಹಾಗೆಯೇ ನಿಂತಿತ್ತು. ವಸಂತ ಲಿವರಿನಿಂದ ಕೈ ತೆಗೆದಿರಲಿಲ್ಲ.